ಒಪ್ಪುವ ಬಣ್ಣ

ಪುಷ್ಯ ಶುದ್ಧ ಷಷ್ಠಿಯ ದಿನ ದೊಡ್ಡಬಳ್ಳಾಪುರದ ಬಳಿಯ ಘಾಟಿ ಸುಬ್ರಹ್ಮಣ್ಯದ ತೇರು ನೋಡಲು ಹೋದವರಿಗೆ ಜನಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಬಣ್ಣ. ದೊಡ್ಡಬಳ್ಳಾಪುರದ ಮಗ್ಗದ ಮನೆಗಳಿಂದ ಬಂದ ಹೆಂಗಸರ ಜರಿಯಂಚಿನ ಸೀರೆಗಳು, ಗೌರಿಬಿದನೂರು ಹಿಂದೂಪುರದ ಕಡೆಯಿಂದ ತೆಲುಗು ಕನ್ನಡ ಬೆರೆಸಿ ಮಾತಾಡುತ್ತ ಬಂದವರ ಹೂವಿನ ಸೀರೆಗಳು, ಮಕ್ಕಳ ಹರಕೆ ಹೊತ್ತು ನಾಗರಕಲ್ಲಿಗೆ ಹಾಲೆರೆಯಲು ನಿಂತ ದಂಪತಿಗಳ ಅರಿಶಿನ ಬಣ್ಣದ ಬಟ್ಟೆ. ಅದು ಅಯ್ಯಪ್ಪ ಮಾಲೆಯ ಕಾಲವೂ ಹೌದು, ಹಾಗಾಗಿ ಸಾಲಿನ ನಡುವೆ ಕಪ್ಪು ಪಂಚೆಗಳು. ಓಂಶಕ್ತಿ ಮಾಲೆ ಹಾಕಿದ ಹೆಂಗಸರ ಕೆಂಪು. ಆ ಕಡೆ ದನಗಳ ಜಾತ್ರೆಯ ಬಯಲಿನಲ್ಲಿ ಬೂದು ಮೈಯ ಹಳ್ಳಿಕಾರ್ ಹೋರಿಗಳ ಪಕ್ಕ ಹೆಗಲ ಮೇಲೆ ಹಸಿರು ಶಾಲು ಹೊದ್ದ ರೈತರು. ಕೈಗೆ ಟವೆಲು ಮುಚ್ಚಿಕೊಂಡು ಬೆರಳಿನಲ್ಲೇ ಬೆಲೆ ಹೇಳುವ ವ್ಯಾಪಾರ.

ಇಷ್ಟೊಂದು ಬಣ್ಣ ಒಂದೇ ಕಡೆ ಸೇರಿದಾಗ ಒಂದು ಪ್ರಶ್ನೆ ಏಳುತ್ತದೆ. ಇವುಗಳಲ್ಲಿ ಉಟ್ಟವರೇ ಬೇಕೆಂದು ಆರಿಸಿಕೊಂಡ ಬಣ್ಣ ಎಷ್ಟು? ವ್ರತ ಹೇಳಿದ ಬಣ್ಣ ಎಷ್ಟು, ಅತ್ತೆ ಹೇಳಿದ್ದು ಎಷ್ಟು, ಪಕ್ಷ ಕೊಟ್ಟ ಶಾಲು ಎಷ್ಟು, ಅಂಗಡಿಯಲ್ಲಿ ಬೇರೆ ಸಿಗದೆ ತಂದದ್ದು ಎಷ್ಟು?

ಜಾತ್ರೆ ಬಿಡಿ, ಅದು ವರ್ಷಕ್ಕೊಮ್ಮೆ. ದಿನಾ ಬೆಳಿಗ್ಗೆ ಬೀರು ತೆಗೆದು ನಿಲ್ಲುತ್ತೇವಲ್ಲ, ಆ ಒಂದೆರಡು ನಿಮಿಷದ ಮಾತು ನೋಡೋಣ. ಬೆಳಗಿನ ತೀರ್ಮಾನಗಳಲ್ಲಿ ಇದು ಅತಿ ಚಿಕ್ಕದು. ತಿಂಡಿಗೆ ಏನು ಎಂಬುದಕ್ಕಿಂತಲೂ ಚಿಕ್ಕದು. ಆದರೂ ಆ ಬೀರುವಿನ ಮುಂದೆ ನಾವು ಒಬ್ಬರೇ ನಿಂತಿರುವುದಿಲ್ಲ. ಪಂಚಾಂಗದವರು, ಟಿ.ವಿ. ಜ್ಯೋತಿಷಿ, ಆಫೀಸಿನ ಮ್ಯಾನೇಜರು, ಎದುರುಮನೆಯ ಆಂಟಿ, ಮದುವೆಯ ಹೊಸದರಲ್ಲಿ ಯಾರೋ ಆಡಿದ ಒಂದು ಮಾತು, ಎಲ್ಲರೂ ಹಿಂದೆ ನಿಂತಿರುತ್ತಾರೆ. ಕೈ ಚಾಚುವುದು ನಾವು. ಯಾವುದರ ಕಡೆ ಚಾಚಬೇಕೆಂದು ಹೇಳುವವರು ಅವರು.

ವಾರದ ಲೆಕ್ಕವನ್ನೇ ತೆಗೆದುಕೊಳ್ಳಿ. ಸೋಮವಾರ ಬಿಳಿ, ಮಂಗಳವಾರ ಕೆಂಪು, ಬುಧವಾರ ಹಸಿರು, ಗುರುವಾರ ಹಳದಿ, ಶನಿವಾರ ಕಪ್ಪು ಇಲ್ಲವೆ ನೀಲಿ. ಗ್ರಹಗಳ ಹೆಸರಿನಲ್ಲಿ ಬಂದ ಈ ಪಟ್ಟಿ ಎಷ್ಟೋ ಮನೆಗಳಲ್ಲಿ ಬೆಳಗಿನ ಗೊಂದಲವನ್ನು ತಪ್ಪಿಸುತ್ತದೆ. ಅಷ್ಟರ ಮಟ್ಟಿಗೆ ಅದರಿಂದ ಉಪಕಾರವೇ. ಸುಬ್ರಹ್ಮಣ್ಯನ ದರ್ಶನಕ್ಕೆ ಮಂಗಳವಾರ ಕೆಂಪು ಸೀರೆ ಉಟ್ಟು ಹೋಗುವವರ ಸಂತೋಷವನ್ನು ಯಾರೂ ಕಸಿಯಬೇಕಾಗಿಲ್ಲ. ನವರಾತ್ರಿಯ ಒಂಬತ್ತು ಬಣ್ಣಗಳನ್ನೇ ನೋಡಿ. ಬ್ಯಾಂಕಿನಲ್ಲಿ, ಶಾಲೆಯಲ್ಲಿ ಹೆಂಗಸರೆಲ್ಲ ಒಂದೇ ಬಣ್ಣದಲ್ಲಿ ಬಂದು ಫೋಟೋ ತೆಗೆಸಿಕೊಳ್ಳುತ್ತಾರೆ. ಅನೇಕರು ಇದನ್ನು ಪುರಾಣಕಾಲದ ಪದ್ಧತಿ ಎಂದೇ ನಂಬಿದ್ದಾರೆ. ಈ ಪಟ್ಟಿಯನ್ನು ಜನಪ್ರಿಯ ಮಾಡಿದ್ದು ಮುಂಬಯಿಯ ಮರಾಠಿ ದಿನಪತ್ರಿಕೆ ‘ಮಹಾರಾಷ್ಟ್ರ ಟೈಮ್ಸ್’, ಅದೂ ಈ ಶತಮಾನದ ಮೊದಲ ದಶಕದಲ್ಲಿ. ಹಬ್ಬ ಯಾವ ವಾರ ಶುರುವಾಗುತ್ತದೋ ಅದನ್ನು ಹಿಡಿದು ಬಣ್ಣದ ಕ್ರಮ ಕಟ್ಟಿದರು, ಓದುಗರ ಫೋಟೋ ಹಾಕಿದರು, ಅದು ದೇಶದುದ್ದಕ್ಕೂ ಹಬ್ಬಿತು. ಹೊಸದಾದ ಮಾತ್ರಕ್ಕೆ ಅದು ಕೆಟ್ಟದ್ದಲ್ಲ. ಹತ್ತು ಜನ ಹೆಂಗಸರು ಸೇರಿ ನಗುವುದಕ್ಕೆ ಒಂದು ನೆಪ ಸಿಕ್ಕಿತು.

ಕೆಡುವುದು ಎಲ್ಲಿ ಎಂದರೆ, ನೆಪ ನಿಯಮವಾದಾಗ. ‘ಇವತ್ತಿನ ಬಣ್ಣ ಹಾಕದೆ ಬಂದಿದ್ದೀಯಲ್ಲ’ ಎಂದು ಒಬ್ಬಳನ್ನು ಫೋಟೋದಿಂದ ಪಕ್ಕಕ್ಕೆ ನಿಲ್ಲಿಸಿದಾಗ. ಆ ಬಣ್ಣದ ಸೀರೆ ಕೊಳ್ಳಲು ಅವಳ ಸಂಬಳ ಸಾಲದೆಯೂ ಇರಬಹುದು ಎಂಬುದನ್ನು ಮರೆತಾಗ. ಇಲ್ಲವೆ ಆ ನಿಯಮ ಭಯವಾದಾಗ: ‘ಶುಕ್ರವಾರ ಕಪ್ಪು ಉಟ್ಟಿದ್ದೆ, ಅದಕ್ಕೇ ಹೀಗಾಯಿತು’ ಎಂದು ಮಗುವಿನ ಜ್ವರಕ್ಕೆ ತಾಯಿ ತನ್ನ ಸೀರೆಯನ್ನು ದೂರಿದಾಗ. ಬಣ್ಣಕ್ಕೆ ಅಷ್ಟು ಶಕ್ತಿ ಇಲ್ಲ. ಆ ಶಕ್ತಿಯನ್ನು ಅದಕ್ಕೆ ಕೊಟ್ಟವರು ನಾವು.

ಘಾಟಿಯ ಗರ್ಭಗುಡಿಯಲ್ಲಿ ಒಂದು ವಿಶೇಷವಿದೆ. ಒಂದೇ ಶಿಲೆಯಲ್ಲಿ ಪೂರ್ವಕ್ಕೆ ಮುಖ ಮಾಡಿದ ಸುಬ್ರಹ್ಮಣ್ಯ, ಅದರ ಬೆನ್ನಿಗೆ ಪಶ್ಚಿಮಕ್ಕೆ ಮುಖ ಮಾಡಿದ ನರಸಿಂಹ. ಮುಂದೆ ನಿಂತವರಿಗೆ ಹಿಂದಿನ ದೇವರು ಕಾಣಿಸಲಿ ಎಂದು ಹಿಂಬದಿಯಲ್ಲಿ ದೊಡ್ಡ ಕನ್ನಡಿ ಇಟ್ಟಿದ್ದಾರೆ. ಕನ್ನಡಿ ಎಂದರೆ ನಮ್ಮ ಮುಖ ನೋಡಿಕೊಳ್ಳುವ ವಸ್ತು ಎಂದಷ್ಟೇ ತಿಳಿದವರಿಗೆ ಇಲ್ಲಿ ಅದಕ್ಕೆ ಬೇರೊಂದು ಕೆಲಸ. ನಾವು ನಿಂತಲ್ಲಿಂದ ಕಾಣಿಸದ ಇನ್ನೊಂದು ಮುಖವನ್ನು ತೋರಿಸುವುದು. ಬಟ್ಟೆಯ ಬಣ್ಣದ ವಿಚಾರದಲ್ಲೂ ನಮಗೆ ಬೇಕಾದದ್ದು ಇಂಥ ಕನ್ನಡಿಯೇ. ಬೀರುವಿನ ಬಾಗಿಲ ಕನ್ನಡಿ ನಮಗೆ ನಾವು ಹೇಗೆ ಕಾಣುತ್ತೇವೆಂದು ತೋರಿಸೀತು. ಈ ಬಣ್ಣದ ಹಿಂದೆ ಯಾರಿದ್ದಾರೆ, ಯಾರ ಬಣ್ಣ ಯಾರು ಕಿತ್ತುಕೊಂಡಿದ್ದಾರೆ ಎಂಬುದು ಅದರಲ್ಲಿ ಕಾಣುವುದಿಲ್ಲ.

ಘಾಟಿಯಿಂದ ಕೆಳಗಿಳಿದು ದೊಡ್ಡಬಳ್ಳಾಪುರ ಊರೊಳಗೆ ನಡೆದರೆ ಬೀದಿ ಬೀದಿಯಲ್ಲಿ ಮಗ್ಗದ ಸದ್ದು. ಸಾವಿರಾರು ವಿದ್ಯುತ್ ಮಗ್ಗಗಳಿರುವ ಊರು. ಎಷ್ಟೋ ಮನೆಗಳಲ್ಲಿ ಅಡುಗೆಮನೆಗೂ ಮಗ್ಗಕ್ಕೂ ನಡುವೆ ಒಂದು ಗೋಡೆ ಮಾತ್ರ. ಹಾಸಿಗೆ ಒಂದು ಬಣ್ಣ, ಹೊಕ್ಕಿಗೆ ಇನ್ನೊಂದು ಬಣ್ಣ ಹಾಕಿ ನೇಯ್ದರೆ ಸೀರೆ ಮಡಿಸಿದ ಕಡೆ ಒಂದು ಬಣ್ಣ, ಬಿಚ್ಚಿದ ಕಡೆ ಇನ್ನೊಂದು ಬಣ್ಣ ಮಿಂಚುತ್ತದೆ. ಈ ಜಾಣ್ಮೆ ಗೊತ್ತಿರುವ ನೇಕಾರರಿಗೆ ಬಣ್ಣದ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಗಿಳಿಹಸಿರಿಗೆ ಯಾವ ಅಂಚು, ಕನಕಾಂಬರಕ್ಕೆ ಯಾವ ಸೆರಗು, ಈರುಳ್ಳಿ ಸಿಪ್ಪೆಯ ಬಣ್ಣಕ್ಕೆ ಎಷ್ಟು ಜರಿ ಎಂಬುದು ಅವರ ಕೈಗೇ ಗೊತ್ತು.

ಆದರೂ ಎಷ್ಟೋ ಸಲ ಬಣ್ಣ ಗೊತ್ತುಮಾಡುವವರು ಅವರಲ್ಲ. ಚಿಕ್ಕಪೇಟೆಯ ವ್ಯಾಪಾರಿ ‘ಈ ಸಲ ಇದು ಓಡುತ್ತೆ’ ಎಂದ ಬಣ್ಣ ಮಗ್ಗಕ್ಕೆ ಏರುತ್ತದೆ. ಒಂದು ಹಾಸು ಏರಿಸಿದ ಮೇಲೆ ಅದು ಮುಗಿಯುವವರೆಗೆ ಆ ಬಣ್ಣದಿಂದ ಬಿಡುಗಡೆ ಇಲ್ಲ. ಅಷ್ಟರಲ್ಲಿ ಪೇಟೆಯ ಮನಸ್ಸು ಬದಲಾದರೆ ನೇಯ್ದ ಸೀರೆ ಮನೆಯಲ್ಲೇ ಉಳಿಯುತ್ತದೆ. ಸೂರತ್‌ನಿಂದ ಬರುವ ಅಗ್ಗದ ಸೀರೆಗಳ ಪೈಪೋಟಿ ಬೇರೆ. ಊರ ಹೊರಗಿನ ಅಪ್ಯಾರಲ್ ಪಾರ್ಕಿನಲ್ಲಿ ಇದೇ ಕಥೆ ಇನ್ನೂ ದೊಡ್ಡದಾಗಿ ನಡೆಯುತ್ತದೆ. ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳು ಬೆಳಿಗ್ಗೆ ಗಾರ್ಮೆಂಟ್ಸ್ ವ್ಯಾನು ಹತ್ತಿ ಹೋಗಿ, ಎಂದೂ ನೋಡದ ದೇಶದವರ ಮುಂದಿನ ಚಳಿಗಾಲಕ್ಕೆ ಬೇಕಾದ ಬಣ್ಣ ಹೊಲಿಯುತ್ತಾರೆ. ಅಮೆರಿಕದ ಪ್ಯಾಂಟೋನ್ ಎಂಬ ಕಂಪನಿ 2000ನೇ ಇಸವಿಯಿಂದ ‘ವರ್ಷದ ಬಣ್ಣ’ ಎಂದು ಒಂದನ್ನು ಘೋಷಿಸುತ್ತ ಬಂದಿದೆ. 2025ಕ್ಕೆ ಅದು ಘೋಷಿಸಿದ್ದು ಮೋಕಾ ಮೂಸ್ ಎಂಬ ಒಂದು ಕಂದು. ನಮ್ಮ ಹಳ್ಳಿಯವರ ಕಣ್ಣಿಗೆ ಹಾಲು ಹೆಚ್ಚಾದ ಕಾಫಿ. ಹೋದ ವರ್ಷ ಚೆನ್ನಾಗಿದ್ದ ಅಂಗಿ ಈ ವರ್ಷ ಹಳತಾಗಿ ಕಾಣುವುದಕ್ಕೆ ಅಂಗಿ ಹರಿದಿರಬೇಕಾಗಿಲ್ಲ, ಬಣ್ಣ ಬದಲಾಗಿದೆ ಎಂದು ಯಾರಾದರೂ ಹೇಳಿದರೆ ಸಾಕು.

ಹಾಗಿದ್ದರೆ ಬಣ್ಣದ ವಿಷಯದಲ್ಲಿ ಜಾಣರು ಯಾರು? ಮ್ಯಾಚಿಂಗ್ ಸೆಂಟರಿಗೆ ರವಿಕೆ ಬಟ್ಟೆ ತರಲು ಹೋಗುವ ಹೆಂಗಸರನ್ನು ನೋಡಿ. ಅಂಗಡಿಯವನು ‘ಇದೇ ಅಮ್ಮ, ಪಕ್ಕಾ ಮ್ಯಾಚು’ ಎಂದು ಆಣೆಯಿಟ್ಟು ಹೇಳಿದರೂ ಒಪ್ಪುವುದಿಲ್ಲ. ಸೀರೆಯ ಸೆರಗನ್ನೂ ಬಟ್ಟೆಯ ತುಂಡನ್ನೂ ಹಿಡಿದು ಅಂಗಡಿಯ ಹೊರಗೆ ಬಿಸಿಲಿಗೆ ಬರುತ್ತಾರೆ. ಅವರು ಮಾಡುವುದು ಸರಿಯಾದ ವಿಜ್ಞಾನ. ಎರಡು ಬಟ್ಟೆಗೆ ಬೇರೆ ಬೇರೆ ಬಣ್ಣದ ಪುಡಿ ಹಾಕಿದ್ದರೆ ಟ್ಯೂಬ್‌ಲೈಟಿನ ಕೆಳಗೆ ಒಂದೇ ರೀತಿ ಕಂಡದ್ದು ಬಿಸಿಲಿನಲ್ಲಿ ಬೇರೆಯಾಗಿ ಕಾಣಬಹುದು. ಬೆಳಕು ಬದಲಾದರೆ ಬಣ್ಣವೂ ಬದಲು. ಸುಬ್ರಹ್ಮಣ್ಯನ ವಾಹನವಾದ ನವಿಲಿನ ಕತ್ತಿನ ನೀಲಿಯಲ್ಲಿ ನೀಲಿ ಬಣ್ಣದ ವಸ್ತುವೇ ಇಲ್ಲ. ಗರಿಯೊಳಗಿನ ಅತಿ ಸೂಕ್ಷ್ಮ ರಚನೆ ಬೆಳಕನ್ನು ಹಿಂದಿರುಗಿಸುವ ರೀತಿಯಿಂದ ಆ ನೀಲಿ ಹುಟ್ಟುತ್ತದೆ. ಹೀಗಿರುವಾಗ ‘ನಿನಗೆ ಈ ಬಣ್ಣ ಒಪ್ಪಲ್ಲ’ ಎಂದು ಯಾರಾದರೂ ಖಡಾಖಂಡಿತವಾಗಿ ಹೇಳಿದರೆ, ಯಾವ ಬೆಳಕಿನಲ್ಲಿ ನೋಡಿ ಹೇಳಿದಿರಿ ಎಂದು ಕೇಳಬೇಕು.

ಏಕೆಂದರೆ ನಮ್ಮಲ್ಲಿ ಈ ಮಾತು ಬಟ್ಟೆಯ ಮೇಲೆ ಬೀಳುವುದಕ್ಕಿಂತ ಹೆಚ್ಚಾಗಿ ಮೈಬಣ್ಣದ ಮೇಲೆ ಬೀಳುತ್ತದೆ. ‘ನೀನು ಸ್ವಲ್ಪ ಕಪ್ಪಲ್ವಾ, ಹಳದಿ ಬೇಡ ಕಣೇ, ಇನ್ನೂ ಕಪ್ಪಗೆ ಕಾಣ್ತೀಯ.’ ಹತ್ತು ವರ್ಷದ ಹುಡುಗಿಗೆ ಚಿಕ್ಕಮ್ಮನೋ ಅತ್ತೆಯೋ ಪ್ರೀತಿಯಿಂದಲೇ ಹೇಳಿದ ಮಾತು ಇದು. ಅವಳು ಅಜ್ಜಿಯಾದರೂ ಹಳದಿ ಸೀರೆಯ ಕಡೆ ಕೈ ಚಾಚುವುದಿಲ್ಲ. ಅವಳ ಬೀರುವಿನಿಂದ ಒಂದು ಬಣ್ಣ ಜೀವಮಾನಕ್ಕೆ ಹೋಯಿತು, ಹೇಳಿದವರಿಗೆ ಅದು ನೆನಪೂ ಇಲ್ಲ. ಮುಖಕ್ಕೆ ಹಚ್ಚುವ ಪ್ರಸಿದ್ಧ ಕ್ರೀಮೊಂದು 2020ರಲ್ಲಿ ತನ್ನ ಹೆಸರಿನಲ್ಲಿದ್ದ ‘ಫೇರ್’ ಎಂಬ ಮಾತನ್ನು ಬಿಟ್ಟು ‘ಗ್ಲೋ’ ಎಂದು ಮಾಡಿಕೊಂಡಿತು. ಕಂಪನಿಗೇ ನಾಚಿಕೆಯಾದ ಮಾತು ನಮ್ಮ ಮನೆಯ ನಡುಮನೆಯಲ್ಲಿ ಇನ್ನೂ ನಿರ್ಭಿಡೆಯಿಂದ ಓಡಾಡುತ್ತಿದೆ. ನಿಜ ಹೇಳಬೇಕೆಂದರೆ, ಹಳ್ಳಿಕಾರ್ ಹೋರಿಯ ಕಡುಬೂದು ಮೈಗೆ ಹಳದಿ ಗೆಜ್ಜೆಪಟ್ಟಿ ಕಟ್ಟಿ ಎಷ್ಟು ಚೆನ್ನಾಗಿದೆ ಎಂದು ಕಣ್ತುಂಬಿಕೊಳ್ಳುವ ಅದೇ ಜನ ಮಗಳಿಗೆ ಹಳದಿ ಬೇಡ ಎನ್ನುತ್ತಾರೆ.

ಮಕ್ಕಳಿಗೂ ಹೀಗೇ. ಗಂಡುಮಗುವಿಗೆ ನೀಲಿ, ಹೆಣ್ಣುಮಗುವಿಗೆ ಗುಲಾಬಿ ಎಂಬುದು ಈಗ ದೊಡ್ಡಬಳ್ಳಾಪುರದ ಬಟ್ಟೆ ಅಂಗಡಿಯಲ್ಲೂ ವೇದವಾಕ್ಯ. 1918ರಲ್ಲಿ ಅಮೆರಿಕದ ಮಕ್ಕಳುಡುಪಿನ ವ್ಯಾಪಾರಿಗಳ ಪತ್ರಿಕೆಯೊಂದು ಇದಕ್ಕೆ ತಲೆಕೆಳಗಾಗಿ ಬರೆದಿತ್ತು. ಗುಲಾಬಿ ಗಟ್ಟಿ ಬಣ್ಣ, ಹುಡುಗರಿಗೆ ಸರಿ, ನೀಲಿ ನಾಜೂಕು, ಹುಡುಗಿಯರಿಗೆ ಸರಿ ಎಂದು. ನಮ್ಮ ಅಜ್ಜಂದಿರ ಕಾಲದಲ್ಲಿ ಗಂಡಸರು ಗುಲಾಬಿ ಬಣ್ಣದ ಪೇಟ ಸುತ್ತಿ ಮದುವೆ ಮನೆಯಲ್ಲಿ ಮೆರೆದದ್ದುಂಟು. ಅವರ ಗಂಡಸುತನಕ್ಕೆ ಏನೂ ಆಗಲಿಲ್ಲ.

ವಯಸ್ಸಿನ ವಿಷಯಕ್ಕೆ ಬರೋಣ. ‘ಈ ವಯಸ್ಸಿಗೆ ಇಂಥ ಬಣ್ಣ ಬೇಕಿತ್ತಾ?’ ಎಂಬ ಮಾತನ್ನು ಗಂಡಸರು ಅಪರೂಪಕ್ಕೆ ಕೇಳುತ್ತಾರೆ, ಹೆಂಗಸರು ದಿನಾ ಕೇಳುತ್ತಾರೆ. ಐವತ್ತು ದಾಟಿದ ಕೂಡಲೇ ತಿಳಿ, ಬೂದು, ತಿಳಿಗಂದು. ಇನ್ನು ಗಂಡ ತೀರಿಕೊಂಡರೆ ಬಣ್ಣದ ಬಾಗಿಲೇ ಮುಚ್ಚಿತು. ಎಂ.ಕೆ. ಇಂದಿರಾ ಅವರ ಕಾದಂಬರಿ ‘ಫಣಿಯಮ್ಮ’ 1976ರಲ್ಲಿ ಬಂತು. 1983ರಲ್ಲಿ ಪ್ರೇಮಾ ಕಾರಂತರು ಅದನ್ನು ಸಿನಿಮಾ ಮಾಡಿದರು. ಬಾಲ್ಯದಲ್ಲೇ ವಿಧವೆಯಾದ ಒಂದು ಜೀವದ ಕಥೆ ಅದು. ತಲೆ ಬೋಳಿಸಿ, ರವಿಕೆ ಬಿಡಿಸಿ, ಜೀವಮಾನವಿಡೀ ಒಂದೇ ಬಣ್ಣದ ಸೀರೆ ಉಡಿಸಿದ ಕಾಲವನ್ನು ನಾವು ದಾಟಿದ್ದೇವೆ ಎಂದುಕೊಂಡಿದ್ದೇವೆ. ತಲೆ ಬೋಳಿಸುವುದು ನಿಂತಿದೆ. ಆದರೆ ಗೃಹಪ್ರವೇಶಕ್ಕೆ ಹೋದರೆ ನೋಡಿ, ಗಂಡನಿಲ್ಲದ ಅಕ್ಕ ಮಸುಕು ಸೀರೆ ಉಟ್ಟು ಹಿಂದಿನ ಸಾಲಿನಲ್ಲಿ ನಿಂತಿರುತ್ತಾಳೆ. ಕೆಂಪು ಸೀರೆ ಉಡಬೇಡ ಎಂದು ಅವಳಿಗೆ ಯಾರೂ ಬಾಯಿಬಿಟ್ಟು ಹೇಳಿಲ್ಲ. ಹೇಳದೆಯೇ ತಿಳಿಯುವ ಹಾಗೆ ಊರು ಅವಳನ್ನು ನೋಡುತ್ತದೆ. ಅಷ್ಟೇ ಸಾಕು.

ಜಾತಿಯೂ ಬಟ್ಟೆಯ ಮೇಲೆ ಕಾವಲು ಕಾದಿದೆ. ಮಡಿಯಾದ ಬಿಳಿ ಪಂಚೆ ಉಟ್ಟು ಊರ ಬೀದಿಯಲ್ಲಿ ನಡೆದದ್ದಕ್ಕೇ ಬೈಗುಳ ತಿಂದ ತಲೆಮಾರು ನಮ್ಮ ಹಳ್ಳಿಗಳಲ್ಲಿ ಇತ್ತು. 1927ರ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಮಹಾಡ್‌ನಲ್ಲಿ ಅಂಬೇಡ್ಕರ್ ಅವರು ದಲಿತ ಹೆಂಗಸರ ಜೊತೆ ಮಾತಾಡುವಾಗ ಸೀರೆ ಉಡುವ ರೀತಿಯನ್ನೂ ಶುಚಿಯಾದ ಬಟ್ಟೆಯನ್ನೂ ಕುರಿತು ಹೇಳಿದ್ದು ಇದೇ ಕಾರಣಕ್ಕೆ. ನೋಡಿದ ಕೂಡಲೇ ‘ಇವರು ಇಂಥವರು’ ಎಂದು ಗುರುತು ಹಿಡಿಯುವಂತೆ ಉಡಬೇಡಿ ಎಂದರು. ಇಂದು ಹಳ್ಳಿಹಳ್ಳಿಯ ಪ್ರತಿಮೆಗಳಲ್ಲಿ ಅವರ ಕೋಟು ನೀಲಿ. ಆ ನೀಲಿ ಒಬ್ಬರು ತಾವೇ ಆರಿಸಿಕೊಂಡ ಘನತೆಯ ಗುರುತು. ಅದೇ 1927ರಲ್ಲಿ, ಘಾಟಿಗೆ ಹತ್ತಿರದ ನಂದಿಬೆಟ್ಟದಲ್ಲಿ ಆರೋಗ್ಯ ಸುಧಾರಿಸಿಕೊಳ್ಳಲು ತಂಗಿದ್ದ ಗಾಂಧಿ ಉಟ್ಟಿದ್ದು ತುಂಡು ಬಿಳಿ ಖಾದಿ. 1921ರಲ್ಲಿ ಮದುರೆಯಲ್ಲಿ ಬಡವರನ್ನು ನೆನೆದು ಅವರು ತಾವಾಗಿ ತೆಗೆದುಕೊಂಡ ತೀರ್ಮಾನ ಅದು. ಒಬ್ಬರು ಕೋಟು ಹಾಕಿದರು, ಇನ್ನೊಬ್ಬರು ಅಂಗಿ ತೆಗೆದರು. ಎರಡು ದಾರಿ ಬೇರೆ. ಇಬ್ಬರೂ ತಮ್ಮ ಬಟ್ಟೆಯನ್ನು ತಾವೇ ಆರಿಸಿದರು ಎಂಬಲ್ಲಿ ಮಾತ್ರ ಒಂದೇ.

ಸಮವಸ್ತ್ರದ ಪ್ರಶ್ನೆ ಇಲ್ಲಿ ಎದುರಾಗುತ್ತದೆ. ಬೇರೆಯವರು ಗೊತ್ತುಮಾಡಿದ ಬಣ್ಣವೆಲ್ಲ ತಪ್ಪೇ? ಹಾಗೆ ಹೇಳಲಾಗದು. ಖಾಕಿ ಧೂಳಿನ ಬಣ್ಣ. ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯಲ್ಲಿ ಜಾನ್ ಹಾಲರ್ ಅದನ್ನು 19ನೇ ಶತಮಾನದ ನಡುವಿನಲ್ಲಿ ತಯಾರಿಸಿದರೆಂಬ ಹೆಮ್ಮೆ ನಮ್ಮ ಕರಾವಳಿಗಿದೆ. ಬಸ್ಸಿನ ಡ್ರೈವರು, ಕಂಡಕ್ಟರು ಆ ಬಣ್ಣ ತೊಟ್ಟರೆ ಪ್ರಯಾಣಿಕರಿಗೆ ಯಾರನ್ನು ಕೇಳಬೇಕೆಂದು ತಿಳಿಯುತ್ತದೆ. ಗುಲಾಬಿ ಸೀರೆ ಕಂಡರೆ ಆಶಾ ಕಾರ್ಯಕರ್ತೆ ಬಂದರು ಎಂದು ಬಾಣಂತಿಯ ಮನೆಯವರು ಬಾಗಿಲು ತೆಗೆಯುತ್ತಾರೆ. ಅದೇ ಗುಲಾಬಿ ಬೆಂಗಳೂರಿನ ಬೀದಿಗಳಲ್ಲಿ ಸಾಲುಗಟ್ಟಿ ಗೌರವಧನ ಹೆಚ್ಚಿಸಿ ಎಂದು ಕೂಗಿದಾಗ ಸರ್ಕಾರಕ್ಕೂ ಕಾಣಿಸಿತು. ಕೆಲಸದ ಹೊತ್ತಿನ ಬಣ್ಣ ಆ ಕೆಲಸಕ್ಕೆ ಸಲ್ಲಬೇಕು. ಅದನ್ನು ಉಡುವವರು ಸಂಜೆ ಮನೆಗೆ ಬಂದು ಬದಲಾಯಿಸಬಹುದು. ವಿಧವೆಯ ಮಸುಕು ಸೀರೆಗೆ ಸಂಜೆ ಎಂಬುದಿಲ್ಲ. ವ್ಯತ್ಯಾಸ ಇರುವುದು ಅಲ್ಲಿ.

ಶಾಲುಗಳ ಕಥೆ ಇನ್ನೂ ಸೂಕ್ಷ್ಮ. 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ರೈತ ಸಂಘ ರೈತರ ಹೆಗಲಿಗೆ ಹಸಿರು ಶಾಲು ಕೊಟ್ಟಿತು. ಸಂಘದ ನಾಯಕ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಕಾಲದಲ್ಲಿ ಆ ಶಾಲು ಹೊದ್ದವನು ತಾಲ್ಲೂಕು ಕಚೇರಿಯ ಮೆಟ್ಟಿಲನ್ನು ತಲೆಯೆತ್ತಿ ಹತ್ತಿದ. ಮುಂದೆ ಪ್ರಮಾಣವಚನ ಸ್ವೀಕರಿಸುವ ಮುಖ್ಯಮಂತ್ರಿಗೂ ಅದು ಬೇಕಾಯಿತು, ವೇದಿಕೆಯ ಸನ್ಮಾನಕ್ಕೂ ಬೇಕಾಯಿತು. ಹೊದ್ದವರ ಸಂಖ್ಯೆ ಬೆಳೆಯಿತು, ಹೊದ್ದ ಮೇಲೆ ನಡೆದುಕೊಳ್ಳಬೇಕಾದ ರೀತಿಯನ್ನು ಕೇಳುವವರು ಕಡಿಮೆಯಾದರು. ಇನ್ನು 2022ರ ಆರಂಭದಲ್ಲಿ ನಮ್ಮ ಕಾಲೇಜುಗಳ ಗೇಟಿನ ಮುಂದೆ ಏನಾಯಿತೆಂಬುದು ಎಲ್ಲರಿಗೂ ನೆನಪಿದೆ. ಹುಡುಗಿಯರ ತಲೆಯ ಮೇಲಿನ ಹಿಜಾಬಿಗೆ ಎದುರಾಗಿ ಕುತ್ತಿಗೆಗೆ ಕೇಸರಿ ಶಾಲು, ಹಿಜಾಬಿನ ಪರವಾಗಿ ಇನ್ನೊಂದು ಕಡೆ ನೀಲಿ ಶಾಲು. ನಿನ್ನೆಯವರೆಗೆ ಒಂದೇ ಬೆಂಚಿನಲ್ಲಿ ಕೂತಿದ್ದ ಮಕ್ಕಳು ಬಟ್ಟೆ ನೋಡಿ ಬದಿ ಆರಿಸಿಕೊಂಡರು. ಕೇಸರಿ ತ್ಯಾಗದ ಬಣ್ಣ, ಹಸಿರು ಬೆಳೆಯ ಬಣ್ಣ, ನೀಲಿ ಆಕಾಶದ ಬಣ್ಣ. ಮೂರರಲ್ಲಿ ಯಾವುದಕ್ಕೂ ಇನ್ನೊಬ್ಬರನ್ನು ಹೆದರಿಸುವ ಗುಣ ಹುಟ್ಟಿನಿಂದ ಬಂದದ್ದಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಬಣ್ಣ ನಮ್ಮ ಇಷ್ಟ, ಯಾರು ಕೇಳುವವರು ಎಂದು ಮಾತು ಮುಗಿಸುವಂತಿಲ್ಲ. ಬಣ್ಣಕ್ಕೊಂದು ಬೆಲೆಯಿದೆ, ಅದನ್ನು ತೆರುವವರು ಬೇರೆ ಇದ್ದಾರೆ.

1856ರಲ್ಲಿ ಲಂಡನ್ನಿನ ಹದಿನೆಂಟರ ಹುಡುಗ ವಿಲಿಯಂ ಪರ್ಕಿನ್ ಮಲೇರಿಯಾಕ್ಕೆ ಕ್ವಿನೈನ್ ತಯಾರಿಸಲು ಹೋಗಿ, ಟಾರಿನಿಂದ ಬಂದ ವಸ್ತುವಿನಲ್ಲಿ ನೇರಳೆ ಬಣ್ಣ ಕಂಡ. ಅಲ್ಲಿಂದ ರಾಸಾಯನಿಕ ಬಣ್ಣಗಳ ಯುಗ. ಅದಕ್ಕೆ ಮೊದಲು ಗಾಢವಾದ, ತೊಳೆದರೂ ಹೋಗದ ಬಣ್ಣ ಬಹುಮಟ್ಟಿಗೆ ಉಳ್ಳವರ ಸೊತ್ತು. ಮಂಜಿಷ್ಠ, ಅರಗು, ನೀಲಿಗಿಡಗಳ ಬಣ್ಣ ಚೆಲುವಾದದ್ದೇ, ಆದರೆ ಅದರ ಹಿಂದೆಯೂ ಕಣ್ಣೀರಿತ್ತು. ನೀಲಿ ಬೆಳೆಯಲೇಬೇಕೆಂಬ ಬಲವಂತದ ವಿರುದ್ಧವೇ ಅಲ್ಲವೆ 1917ರ ಚಂಪಾರಣ್ ಸತ್ಯಾಗ್ರಹ? ರಾಸಾಯನಿಕ ಬಣ್ಣ ಬಂದದ್ದರಿಂದ ಕೂಲಿಯವಳಿಗೂ ಗಿಳಿಹಸಿರು ಸೀರೆ ದಕ್ಕಿತು. ಇದನ್ನು ಮರೆತು ‘ಹಿಂದಿನದೇ ಚೆಂದ’ ಎನ್ನುವುದು ಹೊಟ್ಟೆ ತುಂಬಿದವರ ಮಾತು.

ಆದರೆ ಎಲ್ಲರಿಗೂ ಬಣ್ಣ ಸಿಕ್ಕಿದ್ದಕ್ಕೆ ನೀರು ದಂಡ ತೆತ್ತಿತು. ಬಣ್ಣ ಹಾಕುವ ಮನೆಗಳಲ್ಲಿ ರೇಷ್ಮೆಯ ನೂಲನ್ನು ಸೋಪು ಸೋಡಾ ಹಾಕಿ ಕುದಿಸಿ, ಅಂಟು ತೆಗೆದು, ಬಣ್ಣದ ನೀರಿನಲ್ಲಿ ಅದ್ದಿ, ಮತ್ತೆ ಮತ್ತೆ ಜಾಲಿಸುತ್ತಾರೆ. ನೂಲು ಹಿಡಿಯದೆ ಉಳಿದ ಬಣ್ಣ ನೀರಿನ ಜೊತೆ ಹೋಗುತ್ತದೆ. ಅಜೋ ಎಂಬ ರಾಸಾಯನಿಕ ಬಣ್ಣಗಳಲ್ಲಿ ಕ್ಯಾನ್ಸರ್ ತರಬಲ್ಲ ಕೆಲವನ್ನು ನಮ್ಮ ದೇಶ 1990ರ ದಶಕದಲ್ಲಿ ನಿಷೇಧಿಸಿತು. ಉಳಿದವುಗಳ ನೀರಿಗೂ ಶುದ್ಧೀಕರಣ ಬೇಕೇ ಬೇಕು. ನಂದಿಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಮೂಲಕ ಹರಿಯುವ ಅರ್ಕಾವತಿ ಒಂದು ಕಾಲಕ್ಕೆ ಹೆಸರಘಟ್ಟ, ತಿಪ್ಪಗೊಂಡನಹಳ್ಳಿಯ ಮೂಲಕ ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟ ನದಿ. ಇಂದು ಅದರ ದಾರಿಯಲ್ಲಿರುವ ದೊಡ್ಡತುಮಕೂರು, ಚಿಕ್ಕತುಮಕೂರು ಕೆರೆಗಳ ನೀರು ಕೆಟ್ಟಿದೆ ಎಂದು ಸುತ್ತಲ ಹಳ್ಳಿಯವರು ವರ್ಷಗಳಿಂದ ಹೋರಾಡುತ್ತಿದ್ದಾರೆ. ಊರಿನ ಚರಂಡಿ ನೀರು, ಕೈಗಾರಿಕೆಗಳ ಕೊಳಚೆ ಎರಡೂ ಸೇರಿ ಮಾಡಿದ ಕೇಡು ಅದು. ಬಣ್ಣ ಹಾಕುವ ಬಡ ಕೂಲಿಯೊಬ್ಬನ ಮೇಲೆ ಅದನ್ನು ಹೊರಿಸಿ ನಾವು ಕೈತೊಳೆದುಕೊಳ್ಳುವಂತಿಲ್ಲ. ತಿಂಗಳಿಗೊಂದು ಹೊಸ ಬಣ್ಣ ಬೇಕೆನ್ನುವವರ ಪಾಲೂ ಅದರಲ್ಲಿದೆ.

ಹಾಗಾದರೆ ದಿನನಿತ್ಯಕ್ಕೆ ಯಾವ ಬಣ್ಣ? ಪಟ್ಟಿ ಕೊಡುವುದು ನನ್ನ ಕೆಲಸವಲ್ಲ, ಕೊಟ್ಟರೆ ಬೀರುವಿನ ಹಿಂದೆ ನಿಂತವರ ಗುಂಪಿಗೆ ನಾನೂ ಸೇರಿಕೊಂಡಂತೆ. ಯೋಚನೆಗೆ ಒಂದೆರಡು ಮಾತು ಹೇಳಬಹುದು. ಬಿಸಿಲಿನಲ್ಲಿ ದುಡಿಯುವವರಿಗೆ ತಿಳಿಬಣ್ಣ ಹಿತ ಎಂಬುದು ಎಲ್ಲರಿಗೂ ಗೊತ್ತು. ಮರುಭೂಮಿಯ ಬೆದೂಯಿನ್ ಜನ ಕಪ್ಪು ನಿಲುವಂಗಿ ತೊಟ್ಟು ಹೇಗೆ ಬದುಕುತ್ತಾರೆಂದು ಪರೀಕ್ಷಿಸಿದ ವಿಜ್ಞಾನಿಗಳ ವರದಿ 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಕಪ್ಪು ಬಟ್ಟೆ ಹೆಚ್ಚು ಕಾವು ಹೀರಿದರೂ, ಅಂಗಿ ಸಡಿಲವಾಗಿದ್ದರಿಂದ ಆ ಕಾವು ಮೈಗೆ ತಲುಪುವ ಮೊದಲೇ ಗಾಳಿಯ ಪಾಲಾಗುತ್ತಿತ್ತು. ಬಣ್ಣದಷ್ಟೇ ಮುಖ್ಯ ಹೊಲಿಗೆ ಎಂದಾಯಿತು. ಹರಕೆ ಹೊತ್ತು ಬೆಳಗಿನ ಜಾವದ ಕತ್ತಲಲ್ಲಿ ಘಾಟಿಗೆ ನಡೆದು ಹೋಗುವವರು ಕಪ್ಪು ಬಟ್ಟೆಯ ಮೇಲೆ ಒಂದು ಬಿಳಿ ಟವೆಲಾದರೂ ಹೊದೆಯಲಿ. ಎದುರಿಂದ ಬರುವ ಲಾರಿಯವನಿಗೆ ಕಾಣಿಸಿಕೊಳ್ಳುವುದೂ ಅವನಿಗೆ ಮಾಡುವ ಉಪಕಾರವೇ. ಹೊಸ ಬಟ್ಟೆ ಕೊಳ್ಳುವಾಗ, ಇದು ಈ ವರ್ಷದ ಬಣ್ಣವೋ ಎಂಬುದಕ್ಕಿಂತ ಇದನ್ನು ಐದು ವರ್ಷ ಉಡುತ್ತೇನೋ ಎಂದು ಕೇಳಿಕೊಳ್ಳುವುದು ಒಳ್ಳೆಯದು. ನಮ್ಮೂರಿನ ಮಗ್ಗದಲ್ಲಿ ನೇಯ್ದದ್ದು ಸಿಕ್ಕರೆ ಅದಕ್ಕೆ ನೂರು ರೂಪಾಯಿ ಹೆಚ್ಚಾದರೂ ಕೊಡಬಹುದು. ಬಣ್ಣ ಮಾಸಿದ ಮಾತ್ರಕ್ಕೆ ಬಟ್ಟೆ ಸತ್ತಿತೆಂದು ತಿಳಿಯದೆ ಮನೆಯ ಉಡುಗೆಗೆ ಇಳಿಸುವ ಹಳೆಯ ರೂಢಿ ಈಗಲೂ ಕೆಟ್ಟದ್ದಲ್ಲ.

ಇದಕ್ಕಿಂತ ಮುಖ್ಯವಾದ ನಿಯಮ ಒಂದೇ. ನಿಮ್ಮ ಬಣ್ಣವನ್ನು ನೀವೇ ಆರಿಸಿ, ಇನ್ನೊಬ್ಬರ ಬಣ್ಣವನ್ನು ನೀವು ಆರಿಸಬೇಡಿ. ಅದಕ್ಕಾಗಿ ದೊಡ್ಡ ಚಳವಳಿ ಬೇಕಿಲ್ಲ. ಹುಡುಗಿ ಹಳದಿ ಲಂಗ ಎತ್ತಿಕೊಂಡಾಗ ‘ನಿನಗೆ ಒಪ್ಪಲ್ಲ’ ಎಂಬ ಮಾತನ್ನು ನುಂಗಿಕೊಂಡರೆ ಸಾಕು. ಪಕ್ಕದಲ್ಲಿ ಕೂತವರ ಶಾಲಿನ ಬಣ್ಣ ನೋಡಿ ಅವರ ಮನಸ್ಸನ್ನು ಅಳೆಯದಿದ್ದರೆ ಸಾಕು. ನಿಮ್ಮ ಮನೆಯಲ್ಲಿ ಬಣ್ಣ ಬಿಟ್ಟು ಕೂತ ಹಿರಿಯ ಹೆಂಗಸೊಬ್ಬರಿದ್ದರೆ, ಮುಂದಿನ ಹಬ್ಬಕ್ಕೆ ನೀವೇ ಒಂದು ಸೀರೆ ತಂದು ಕೊಡಬೇಡಿ. ಅವರನ್ನೇ ಅಂಗಡಿಗೆ ಕರೆದುಕೊಂಡು ಹೋಗಿ, ಸೀರೆಗಳನ್ನು ಬಿಚ್ಚಿಸಿ, ನೀವು ಬಾಯಿ ಮುಚ್ಚಿಕೊಂಡು ಕೂತುಕೊಳ್ಳಿ. ಅವರು ಎತ್ತಿಕೊಂಡ ಬಣ್ಣ ಯಾವುದೇ ಇರಲಿ, ‘ಚೆನ್ನಾಗಿದೆ ಅಮ್ಮ’ ಎಂದು ದುಡ್ಡು ಕೊಟ್ಟು ಬನ್ನಿ.